ನಮ್ಮತ್ತೆ ಆರಿಸಿದ ಫೋನು

ನಮ್ಮತ್ತೆ ಗಂಗರತ್ನಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ಆಂಡರ್ಸನ್‌ಪೇಟೆ ಬಜಾರಿನ ತರಕಾರಿ ಮಂಡಿಗಳಲ್ಲಿ ಎಲ್ಲರಿಗಿಂತ ಮೊದಲು ಫೋನು ಹಾಕಿಸಿದವರು ಅವರೇ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಛೇ, ಸುಳ್ಳು ಯಾಕೆ, ಜಂಬಕ್ಕೇ ಹೇಳುತ್ತಿದ್ದೇನೆ. ಆ ಫೋನಿನ ದೆಸೆಯಿಂದ ಮೂರು ದಿನ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಮುದ್ದೆ ಉಂಡಿಲ್ಲ. ಅಷ್ಟಾದರೂ ಜಂಬ ಪಡಬೇಡವೇ?

ಸಾವಿರದ ಒಂಬೈನೂರ ಮೂವತ್ತೆಂಟರ ಮಾತು. ಚಿನ್ನದ ಗಣಿಯ ಬಿಳಿ ಸಾಹೇಬರ ಮೆಸ್ಸಿಗೆ ತರಕಾರಿ ಹಾಕುತ್ತಿದ್ದವರು ನಾವು. ಬೀಟ್‌ರೂಟು, ನೂಲ್‌ಕೋಲು, ಸಲಾಡ್ ಸೊಪ್ಪು ಎಲ್ಲ ಕ್ಯಾಸಂಬಳ್ಳಿ ಕಡೆಯ ಹನ್ನೆರಡು ಮನೆಯವರು ನಮ್ಮತ್ತೆಯ ಬಾಯಿಮಾತಿನ ಮೇಲೆ ಬೆಳೆಯುತ್ತಿದ್ದರು. ಆ ಸಲಾಡ್ ಸೊಪ್ಪನ್ನು ಸಾಹೇಬರು ಬಿಟ್ಟರೆ ನಮ್ಮ ಕಡೆ ಎಮ್ಮೆಯೂ ಮೂಸುತ್ತಿರಲಿಲ್ಲ. ಹಾಗಿರುವಾಗ ಒಂದು ದಿನ ಮೆಸ್ಸಿನ ಬಟ್ಲರು ಬಂದು, ಬರುವ ತಿಂಗಳಿಂದ ಆರ್ಡರು ಚೀಟಿಯಲ್ಲಿ ಬರುವುದಿಲ್ಲ, ಫೋನಿನಲ್ಲೇ ಬರುತ್ತದೆ, ಫೋನಿಲ್ಲದಿದ್ದರೆ ಬೆಂಗಳೂರಿನ ಮಂಡಿಯವನಿಗೆ ಕೊಡುತ್ತೇವೆ ಎಂದು ಹೇಳಿ ಹೋದ.

ಇನ್ನೊಬ್ಬರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು.

"ಲೇ ಆದಿಲಕ್ಷ್ಮಿ, ಪೋನು ಆಕಿಸ್ಬುಡಾನ ಕಣೆ!"

"ಅತ್ತೆ, ಅದರಾಗೆ ಎಂಗೆ ಮಾತಾಡೋದು ಗೊತ್ತೈತಾ ನಿಮ್ಗೆ?"

"ಸಂತೆ ಗಲಾಟೆಲಿ ಮೂವತ್ತು ವರ್ಸ ಕೂಗಿದೀನಿ. ಒಂದು ತಂತಿ ಒಳಗೆ ಕೂಗಕ್ಕೆ ಆಗಕಿಲ್ವಾ?"

ಟೆಲಿಫೋನು ಇಲಾಖೆಯ ಆಂಜಿನಪ್ಪನವರು ಖಾಕಿ ಕೋಟು ಹಾಕಿಕೊಂಡು ಬಂಗಾರಪೇಟೆಯಿಂದ ಬಂದರು. ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟೆವು. ಅವರು ಮೂರು ದಾರಿ ಹೇಳಿದರು. ಒಂದು, ನಮ್ಮದೇ ಸ್ವಂತ ಲೈನು. ಅದಕ್ಕೆ ಹೊಸ ಕಂಬ ನೆಡಬೇಕು, ಆರು ತಿಂಗಳಾದರೂ ಆಯಿತು. ಎರಡು, ಅಂಚೆ ಕಚೇರಿಗೆ ಬಂದ ಸುದ್ದಿಯನ್ನು ಆಳು ತಂದು ಹೇಳುವುದು. ಮೂರನೆಯದು, ಎದುರುಗಡೆ ಪೆರುಮಾಳನ ಸೋಡಾ ಅಂಗಡಿಗೆ ಆಗಲೇ ಬಂದಿರುವ ತಂತಿಯಿಂದಲೇ ನಮಗೂ ಒಂದು ಎಳೆ. ಒಂದೇ ಲೈನು, ಎರಡು ಅಂಗಡಿ. ಯಾರಿಗೆ ಕರೆ ಬಂದರೂ ಎರಡೂ ಕಡೆ ಗಂಟೆ ಬಡಿಯುತ್ತದೆ. ಮೂರು ಸಲ ಬಡಿದರೆ ಸೋಡಾದವನಿಗೆ, ಒಂದು ಸಲ ಬಡಿದರೆ ನಮಗೆ.

ನಮ್ಮತ್ತೆಗೆ ಸ್ವಂತ ಲೈನಿನ ಮೇಲೇ ಆಸೆ. ಹಂಚಿಕೊಂಡು ಬಾಳುವುದೆಂದರೆ ಅವರಿಗೆ ಆಗದು, ನನ್ನೊಂದಿಗೆ ಅಡುಗೆಮನೆ ಹಂಚಿಕೊಂಡದ್ದೇ ದೊಡ್ಡದು. ಆದರೆ ಆರು ತಿಂಗಳು ಕಾಯುವಂತಿರಲಿಲ್ಲ. ಅಂಚೆಯ ಆಳು ದಾರಿಯಲ್ಲಿ ಹರಟೆಗೆ ನಿಂತರೆ ಆರ್ಡರು ಅಲ್ಲೇ ಬಾಡಿಹೋಗುತ್ತದೆ ಎಂದು ಎರಡನೆಯದನ್ನು ತಳ್ಳಿಹಾಕಿದರು. ಕೊನೆಗೆ ಮುಖ ಗಂಟಿಕ್ಕಿಕೊಂಡೇ ಸೋಡಾದವನ ತಂತಿಗೆ ಒಪ್ಪಿದರು. ಎಂಟೇ ದಿನದಲ್ಲಿ ನಮ್ಮ ಮಂಡಿಯ ಗೋಡೆಯ ಮೇಲೆ ಮರದ ಪೆಟ್ಟಿಗೆ ಬಂದು ಕೂತಿತು. ಅಬ್ಬಬ್ಬಾ, ಬಜಾರಿಗೆ ಬಜಾರೇ ನೋಡಲು ಬಂತು! ನಮ್ಮತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಕಾಯಿನೀರು ಒಳಗೆ ಹೋಗದಂತೆ ತಾವೇ ಸೆರಗು ಅಡ್ಡ ಹಿಡಿದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಆರ್ಡರು ಬರಬೇಕಿತ್ತು. ಅದನ್ನು ತಪ್ಪಿಲ್ಲದೆ ಕಳಿಸಿದರೆ ವರ್ಷವಿಡೀ ನಮಗೇ. ಅತ್ತೆ ಬೆಳಗಾಗೆದ್ದು ಗಾಡಿ ತರಲು ಕ್ಯಾಸಂಬಳ್ಳಿಗೆ ಹೋಗಿದ್ದರು. ನಾನು ಹಿತ್ತಲಿನಲ್ಲಿ ಒಲೆಯ ಮುಂದೆ ಇದ್ದೆ. ಮಂಡಿಯಲ್ಲಿ ಎಂಟು ಜನ ಆಳುಗಳಿದ್ದಾರಲ್ಲ, ಎತ್ತಿಕೊಳ್ಳುತ್ತಾರೆ ಎಂಬ ಧೈರ್ಯ.

ಟ್ರಿಣ್ ಎಂದು ಒಂದು ಸಲ ಗಂಟೆ ಹೊಡೆಯಿತು. ಆಮೇಲೆ ಮಂಡಿಯಲ್ಲಿ ಉಸಿರಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಒಂದು ಸಲ. ಮತ್ತೂ ಒಂದು ಸಲ. ನಾನು ಮುದ್ದೆಕೋಲು ಹಿಡಿದುಕೊಂಡೇ ಓಡಿ ಬಂದರೆ ಏನು ನೋಡುವುದು! ಎಂಟು ಜನವೂ ನಿಂತಲ್ಲೇ ನಿಂತಿದ್ದಾರೆ. ಒಬ್ಬನ ಹೆಗಲ ಮೇಲೆ ಮೂಟೆ ಅರ್ಧ ಏರಿದೆ, ಇನ್ನೊಬ್ಬ ತಕ್ಕಡಿಗೆ ಕೈಚಾಚಿದವನು ಚಾಚಿಕೊಂಡೇ ಇದ್ದಾನೆ. ಮೇಸ್ತ್ರಿ ಚಿಕ್ಕಮುನಿಯಪ್ಪಣ್ಣ ಎರಡು ಕೈಯನ್ನೂ ಮೇಲೆತ್ತಿ ಯಾರೂ ಅಲ್ಲಾಡದ ಹಾಗೆ ತಡೆದಿದ್ದಾನೆ. ನಾನು ಹಾರಿ ಫೋನು ಎತ್ತುವ ಹೊತ್ತಿಗೆ ಅದು ಸುಮ್ಮನಾಗಿತ್ತು.

"ನಿಮ್ಮ ಮನೆ ಕಾಯ! ಯಾಕಣ್ಣ ಎತ್ತಲಿಲ್ಲ?" ಎಂದು ಕಿರುಚಿದೆ.

"ಒಂದು ಗಂಟೆ ಒಡೀತಲ್ಲವ್ವಾ," ಎಂದ ಚಿಕ್ಕಮುನಿಯಪ್ಪಣ್ಣ, ಇದೇನು ಕೇಳುತ್ತೀ ಎಂಬಂತೆ. "ಒಂದು ಅಂದ್ರೆ ನಿಲ್ಲು."

ಆಗ ನನಗೆ ಹೊಳೆಯಿತು. ಎಂಟು ಜನವೂ ಗಣಿಯಲ್ಲಿ ದುಡಿದು ಎದೆ ಕೆಟ್ಟು ಮೇಲೆ ಬಂದವರು. ಚಿಕ್ಕಮುನಿಯಪ್ಪಣ್ಣನಂತೂ ಇಪ್ಪತ್ತೆರಡು ವರ್ಷ ನೆಲದಡಿಯಲ್ಲಿ ಕೇಜಿನ ಪಕ್ಕ ನಿಂತು ಗಂಟೆ ಹೊಡೆದವನು. ಆಳುಗಳನ್ನು ಇಳಿಸಿ ಏರಿಸುವ ಆ ಕಬ್ಬಿಣದ ಕೇಜಿಗೆ ಗಂಟೆಯೇ ಮಾತು. ಒಂದು ಹೊಡೆದರೆ ನಿಲ್ಲು, ಎರಡಾದರೆ ಇಳಿಸು, ಮೂರಾದರೆ ಒಳಗೆ ಮನುಷ್ಯರಿದ್ದಾರೆ, ಜೋಪಾನ. ಒಂದು ಹೊಡೆದ ಮೇಲೂ ಕಾಲು ಎತ್ತಿಟ್ಟ ಅವನ ತಮ್ಮ ಮತ್ತೆ ಮನೆಗೆ ಬರಲಿಲ್ಲ. ಇಂಥವನಿಗೆ ಯಾವ ಬಾಯಲ್ಲಿ ಬೈಯಲಿ? ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮಧ್ಯಾಹ್ನ ಮೆಸ್ಸಿನ ಜವಾನ ಬಂದ. ಬುಧವಾರ ಹತ್ತಕ್ಕೆ ಇನ್ನೊಂದೇ ಸಲ ಮಾಡುತ್ತಾರಂತೆ, ಆಗಲೂ ಎತ್ತದಿದ್ದರೆ ಬೆಂಗಳೂರಿನವನೇ ಗತಿ ಎಂದ. ಗಾಡಿ ತುಂಬ ಸಲಾಡ್ ಸೊಪ್ಪು ತಂದಿದ್ದ ನಮ್ಮತ್ತೆ ಅದನ್ನು ಕೇಳಿ ಚಕ್ರದ ಪಕ್ಕದಲ್ಲೇ ಕುಸಿದು ಕೂತರು. ಆಳುಗಳನ್ನು ಫೋನಿನ ಹತ್ತಿರ ಬಿಡುವುದೇ ಬೇಡ, ನಾನೇ ಕಾಯುತ್ತೇನೆ ಎಂದೆ.

"ನೀನು ಎಷ್ಟು ದಿನ ಕಾಯ್ತೀಯೆ? ಇಪ್ಪತ್ತೆರಡು ವರ್ಸ ಎದೇಲಿ ಕೂತಿರೋದನ್ನ ನಾವು ಎರಡು ದಿನದಾಗೆ ಕೀಳಕ್ಕಾಯ್ತದಾ?" ಎಂದವರೇ ಥಟ್ಟನೆ ಎದ್ದರು. ನೇರ ಪೆರುಮಾಳನ ಅಂಗಡಿಗೆ. ನಾನು ಹಿಂದೆಯೇ ಓಡಿದೆ.

"ಪೆರುಮಾಳು, ನಿನ್ನ ಮೂರು ಗಂಟೆ ನಂಗೆ ಕೊಟ್ಬುಡಪ್ಪ. ನನ್ನ ಒಂದು ನೀನು ತಕ್ಕೋ."

ಪೆರುಮಾಳ ಗಹಗಹಿಸಿ ನಕ್ಕ. "ತಗೊಳ್ಳಿ ಅಕ್ಕಾ, ನನಗೆ ಒಂದೇ ಪೋದುಂ, ಸಾಕು. ನನ್ನ ಗೋಲಿಸೋಡಾ ಕೇಳಿಕೊಂಡು ಜನ ತಾವಾಗೇ ಬರ್ತಾರೆ."

ಆಂಜಿನಪ್ಪನವರು ತಲೆ ಕೆರೆದುಕೊಂಡರೂ ಮಂಗಳವಾರ ಎಕ್ಸ್‌ಚೇಂಜಿಗೆ ಹೇಳಿ ಬದಲಾಯಿಸಿಕೊಟ್ಟರು. ಬುಧವಾರ ಒಂಬತ್ತಕ್ಕೇ ಅರ್ಧ ಬಜಾರು ನಮ್ಮ ಜಗುಲಿಯಲ್ಲಿತ್ತು. ಹತ್ತಕ್ಕೆ ಸರಿಯಾಗಿ ಹೊಡೆಯಿತು ನೋಡಿ, ಒಂದು, ಎರಡು, ಮೂರು! ಚಿಕ್ಕಮುನಿಯಪ್ಪಣ್ಣ ಆ ವಯಸ್ಸಿನಲ್ಲಿ ಬದನೆಕಾಯಿ ರಾಶಿಯನ್ನೇ ಹಾರಿ ಬಂದು ಫೋನು ಹಿಡಿದ.

ಆ ಕಡೆಯಿಂದ ಬಟ್ಲರು ಏನು ಹೇಳಿದರೂ ಇವನು ಅದನ್ನು ಹಾಗೇ ತಿರುಗಿಸಿ ಹೇಳತೊಡಗಿದ. ಬೀಟ್‌ರೂಟು ಇಪ್ಪತ್ತು ಸೇರು ಎಂದರೆ ಬೀಟ್‌ರೂಟು ಇಪ್ಪತ್ತು ಸೇರು. ಬಟ್ಲರು ತಮಿಳಿಗೆ ತಿರುಗಿದರೆ ಇವನೂ ತಮಿಳಿನಲ್ಲಿ. ಒಂದು ಮಾತೂ ಬಿಡಲಿಲ್ಲ. ನನಗೆ ನಾಚಿಕೆಯಾಗಿ, "ಗಿಳಿ ತರ ಯಾಕಣ್ಣ ಒಪ್ಪಿಸ್ತೀಯ?" ಎಂದು ಪಿಸುಗುಟ್ಟಿದೆ.

ಅವನು ಕೈಯಿಂದ ಫೋನಿನ ಬಾಯಿ ಮುಚ್ಚಿ, "ಕೆಳಗಿಂದ ಒಡೆದ ಗಂಟೇನ ಮೇಲೆ ಕೇಜು ಎಳೆಯೋ ಇಂಜಿನ್ನಿನವನು ತಿರುಗಿ ಒಡೀಬೇಕವ್ವಾ. ಆಮ್ಯಾಕೇ ಕೇಜು ಅಲ್ಲಾಡೋದು," ಎಂದ.

ಒಂದು ಎಲೆಯೂ ಹೆಚ್ಚುಕಡಿಮೆಯಾಗದೆ ಗಾಡಿ ಹೋಯಿತು. ಸಂಜೆ ಬಟ್ಲರು ತಾನೇ ಬಂದ. ಬೆಂಗಳೂರಿನ ಮಂಡಿಗೆ ಫೋನು ಮಾಡಿ ನೂಲ್‌ಕೋಲು ಕೇಳಿದರೆ ಎಲೆಕೋಸು ಬಂತಂತೆ. "ತಿರುಗಿ ಹೇಳೋ ಆ ಮೇಸ್ತ್ರಿ ಇರೋ ತನಕ ಆರ್ಡರು ನಿಮ್ಮದೇ ಅಮ್ಮಾ," ಎಂದ. ನಮ್ಮತ್ತೆ ನನ್ನನ್ನು ತಬ್ಬಿಕೊಂಡುಬಿಟ್ಟರು! ಮದುವೆಯಾಗಿ ಒಂಬತ್ತು ವರ್ಷಕ್ಕೆ ಅದೇ ಮೊದಲು.

ಇದಾಗಿ ಆರು ತಿಂಗಳಿಗೆ ಆಂಜಿನಪ್ಪನವರು ಹಲ್ಲುಕಿರಿಯುತ್ತಾ ಬಂದರು. "ಅಮ್ಮಾ, ಕಂಬ ಬಂತು. ನಿಮ್ಮ ಸ್ವಂತ ಲೈನು ಸಿದ್ಧ, ಯಾರ ಹಂಗೂ ಬೇಡ."

ನನಗಂತೂ ಕುಣಿಯುವಷ್ಟು ಖುಷಿ. ನಮ್ಮತ್ತೆ ಮಾತ್ರ ಫೋನಿನ ಕಡೆ ನೋಡಿದರು. ಅದರ ಪಕ್ಕದ ಸ್ಟೂಲಿನ ಮೇಲೆ ಚಿಕ್ಕಮುನಿಯಪ್ಪಣ್ಣ ಟವೆಲಿನಿಂದ ಪೆಟ್ಟಿಗೆಯ ದೂಳು ಒರೆಸುತ್ತಿದ್ದ. ಮೂಟೆ ಹೊರಲು ಅವನ ಎದೆ ಆಗಲೇ ಒಪ್ಪುತ್ತಿರಲಿಲ್ಲ.

"ಆ ಲೈನು ಮೂರೇ ಸಲ ಒಡೀತದಾ ಸ್ವಾಮಿ?"

"ಇಲ್ಲಮ್ಮ, ಸ್ವಂತದ್ದಲ್ವಾ, ಲೆಕ್ಕ ಯಾತಕ್ಕೆ? ಒಂದೇ ಸಲ ಒಡೀತದೆ, ಎತ್ತದಿದ್ರೆ ಇನ್ನೊಂದು ಸಲ."

"ಹಂಗಾರೆ ಬ್ಯಾಡ," ಎಂದರು ನಮ್ಮತ್ತೆ. "ನಮ್ಮ ಮುನಿಯಪ್ಪಣ್ಣ ಒಂದಕ್ಕೆ ಎದ್ದು ಬರಾಕಿಲ್ಲ."