ಲೇಸರ್ ಮೇಜಿನ ಮೇಲೆ ಬಗ್ಗಿದಾಗ

2006ರ ಆಗಸ್ಟ್‌ನಲ್ಲಿ, ಹೊರರಾಜ್ಯದ ಪ್ರಯೋಗಾಲಯವೊಂದರಲ್ಲಿ, ನನ್ನ ಚಿಕ್ಕಪ್ಪನ ಮಗನ ಬಲಗಣ್ಣಿಗೆ ಲೇಸರ್ ಬಡಿಯಿತು. ಅದೇ ವಾರ ಅವನು ಊರಿಗೆ ಬಂದ. ನಾನಾಗ ಚಾಮರಾಜನಗರದಲ್ಲಿ ಪತ್ರಿಕೆಯೊಂದರ ವರದಿಗಾರ. ಅವನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದವನು ನಾನೇ.

ತಮ್ಮನ ಕೆಲಸ ಬೆಳಕನ್ನು ತಡೆದಿಡುವುದು. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ರುಬಿಡಿಯಂ ಪರಮಾಣುಗಳನ್ನು ಲೇಸರ್‌ಗಳಿಂದಲೇ ಅತಿಶೀತಕ್ಕೆ ಇಳಿಸುತ್ತಾರೆ. ಅವು ಹೆಚ್ಚುಕಡಿಮೆ ಅಲ್ಲಾಡದೆ ನಿಲ್ಲುತ್ತವೆ. ಬೆಳಕಿನ ಕಣವೊಂದು ಹೊತ್ತು ತಂದ ಮಾಹಿತಿಯನ್ನು ಅವುಗಳಲ್ಲಿ ಇರಿಸಿ, ಬೇಕಾದಾಗ ಮತ್ತೆ ಬೆಳಕಾಗಿಯೇ ಹೊರತೆಗೆಯಬೇಕು. ಸೆಕೆಂಡಿನ ಸಾವಿರದಲ್ಲೊಂದು ಪಾಲು ಉಳಿದರೂ ದೊಡ್ಡದು. ಹಿಂದಿನ ವರ್ಷ ತೆರಕಣಾಂಬಿಯಲ್ಲಿ ಬಸ್ಸಿಗೆ ಕಾಯುವಾಗ ಇದನ್ನು ಕೇಳಿದ ಅವನ ಗೆಳೆಯ, "ಅಷ್ಟೇನಾ? ನಮ್ಮೂರ ಕರೆಂಟೇ ಅದಕ್ಕಿಂತ ಒಸಿ ಜಾಸ್ತಿ ಹೊತ್ತು ನಿಲ್ತದೆ ಕಣ್ಲಾ, ಬುಡು!" ಎಂದಿದ್ದ. ತಮ್ಮನೂ ನಕ್ಕಿದ್ದ.

ಆ ಲೇಸರ್ ಕಣ್ಣಿಗೆ ಮಸುಕು ಕೆಂಪಾಗಿ ಮಾತ್ರ ಕಾಣುತ್ತದೆ, ಶಕ್ತಿ ಕಡಿಮೆಯದಲ್ಲ. ಮೇಜಿನ ಬಳಿ ಗಡಿಯಾರ, ಉಂಗುರ ಇರಬಾರದು, ರಕ್ಷಣೆಯ ಕನ್ನಡಕ ತೆಗೆಯಬಾರದು. ತಮ್ಮ ಗಡಿಯಾರ ಬಿಚ್ಚಿಟ್ಟಿದ್ದ. ಕಿರಣ ಎಲ್ಲಿ ಬೀಳುತ್ತಿದೆಯೆಂದು ನೋಡಲು ಕನ್ನಡಕವನ್ನು ಹಣೆಗೇರಿಸಿ, ಕನ್ನಡಿ ತಿರುಗಿಸಲು ಬಗ್ಗಿದ. ಅಂಗಿಯೊಳಗೆ ಕೊರಳಲ್ಲಿದ್ದ, ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆ ಹೊರಗೆ ಜೋತುಬಿತ್ತು. ಕಿರಣ ಅದಕ್ಕೆ ತಗಲಿ ಕಣ್ಣಿಗೆ ಬಂತು. ಲಿಂಗದೀಕ್ಷೆಯಾದಂದಿನಿಂದ ಅದು ಅವನ ಮೈಮೇಲಿತ್ತು. ಬಿಚ್ಚಿಡಬೇಕಾದ ಲೋಹಗಳಲ್ಲಿ ಅದೂ ಒಂದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ನೋವೇನೂ ಇಲ್ಲ ಕಣಣ್ಣ," ಎಂದ ತಮ್ಮ, ಡಾಕ್ಟರ ಬಳಿ ಕಾಯುವಾಗ ಎಡಗಣ್ಣು ಮುಚ್ಚಿಕೊಂಡು. "ನಿನ್ನ ಮೊಕ ನೋಡುದ್ರೆ ಮೂಗೇ ಇಲ್ಲ."

ಡಾಕ್ಟರು ಮೈಸೂರಿಗೆ ಕಳಿಸಿದರು. ಕಣ್ಣೊಳಗಿನ ಊತ ಇಳಿದರೆ ಒಂದಿಷ್ಟು ದೃಷ್ಟಿ ಬರಬಹುದು, ಕಾಯಿರಿ ಎಂದರು ಅಲ್ಲಿಯವರು. ಬಾರದಿದ್ದರೆ ಲೇಸರ್ ಜೋಡಿಸುವ ಕೆಲಸ ಅವನಿಂದಾಗದು. ಅವನ ಪಿಎಚ್.ಡಿ. ನಿಂತಿದ್ದುದು ಆ ಜೋಡಣೆಯ ಮೇಲೆ.

ಗುಂಡ್ಲುಪೇಟೆಯ ಮನೆಯಲ್ಲಿ ಚಿಕ್ಕವ್ವನಿಗೆ, ಕಿಡಿ ಸಿಡಿಯಿತು ಎಂದಷ್ಟೇ ಹೇಳಿದ.

"ಕೊರಳಲ್ಲಿ ಲಿಂಗಪ್ಪ ಇದ್ದದ್ಕೆ ಒಂದು ಕಣ್ಣಾರ ಉಳೀತು ಕಣಪ್ಪ," ಎಂದರು ಚಿಕ್ಕವ್ವ. "ಇಲ್ದಿದ್ರೆ ಎರಡೂ ಓಗ್ಬುಡವು."

ತಮ್ಮ ನನ್ನ ಕಡೆ ನೋಡಿದ. "ಊಂ ಕಣವ್ವ," ಎಂದ.

ಊತ ಇಳಿಯಿತು. ನೋಟದ ನಡುವಿನ ಕಪ್ಪು ಹೋಗಲಿಲ್ಲ. 2007ರಲ್ಲಿ ಅವನು ಪಿಎಚ್.ಡಿ. ಬಿಟ್ಟ. ಅವನ ಮೇಜಿಗೆ ಬೇರೊಬ್ಬ ವಿದ್ಯಾರ್ಥಿ ಬಂದ. ತಮ್ಮ ಈಗ ಚಾಮರಾಜನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾನೆ.