ಗಂಗಾಧರ್ ಮೇಷ್ಟ್ರ ಮಗಳಿಗೆ ವನಜಾಕ್ಷಿ ಕೊಟ್ಟ ಶೂ

ಬಿಳಿಗೆರೆಯ ವನಜಾಕ್ಷಿಗೆ ಪೊಲೀಸ್ ಕಾನ್‌ಸ್ಟೆಬಲ್ ಆಗಲೇಬೇಕೆಂಬ ಹಟವಿತ್ತು. ಲಿಖಿತ ಪರೀಕ್ಷೆ ಪಾಸಾಗಿದ್ದಳು. ಉಳಿದದ್ದು ಓಟ: ನಾನೂರು ಮೀಟರು, ಎರಡು ನಿಮಿಷದೊಳಗೆ. ತೆಂಗಿನ ತೋಟದ ಬದುವಿನ ಮೇಲೆ ಅಷ್ಟು ದೂರವನ್ನು ಅವಳು ಬರಿಗಾಲಿನಲ್ಲೇ ಓಡಿಬಿಡುತ್ತಿದ್ದಳು. ಆದರೂ ಅಪ್ಪ ಈರಣ್ಣ, ಓಟ ತಿಳಿದವರ ಹತ್ತಿರ ಕಲಿಯಲಿ ಎಂದು ತಿಪಟೂರಿನಲ್ಲಿ ಓಟದ ತರಬೇತಿ ಕೊಡುತ್ತಿದ್ದ ಗಂಗಾಧರ್ ಮೇಷ್ಟ್ರ ಬಳಿ ಸೇರಿಸಿದ.

ಮೇಷ್ಟ್ರು ತರಬೇತಿಯ ಜೊತೆಗೆ ಶೂಗಳನ್ನೂ ಮಾರುತ್ತಿದ್ದರು. ಎಲ್ಲರಿಗೂ ಒಂದೇ ಬಗೆಯದು: ಕೆಂಪು ಬಣ್ಣ, ಹಗುರ ತೂಕ, ತೆಳ್ಳನೆಯ ಅಟ್ಟೆ. ನೂರು ಮೀಟರ್ ಓಡುವ ಸಣಕಲು ಹುಡುಗನಿಗೂ ಅದೇ, ಹೈವೇ ಅಂಚಿನ ಡಾಂಬರಿನ ಮೇಲೆ ದಿನಾ ಎಂಟು ಕಿಲೋಮೀಟರ್ ಓಡುವ, ಮೈಕಟ್ಟು ತುಂಬಿದ ವನಜಾಕ್ಷಿಗೂ ಅದೇ. ಮೂರನೇ ವಾರಕ್ಕೆ ಅವಳ ಎಡ ಮೊಣಕಾಲಿನ ಕೆಳಗಿನ ಮೂಳೆ ಚುಚ್ಚತೊಡಗಿತು. ಹೇಳಿದರೆ ಮೇಷ್ಟ್ರು ನಕ್ಕರು.

"ನೋವಿಲ್ದೆ ನೌಕರಿ ಸಿಗಲ್ಲ ಕಣಮ್ಮ. ಓಡು."

ಓಡಿದಳು. ಪರೀಕ್ಷೆಯ ದಿನ ಮೂರನೇ ತಿರುವಿನಲ್ಲಿ ಕಾಲು ಮಡಚಿ ಬಿದ್ದಳು. ಎಕ್ಸ್‌ರೇಯಲ್ಲಿ ಮೂಳೆಗೆ ಕೂದಲೆಳೆಯಷ್ಟು ಬಿರುಕು ಕಂಡಿತು. ಕಟ್ಟು ಹಾಕಿಸಿಕೊಂಡು ಕುಂಟುತ್ತ ಮೈದಾನಕ್ಕೆ ಹೋದಾಗ, ಮೂವತ್ತು ಜನ ಹುಡುಗ ಹುಡುಗಿಯರ ಎದುರಿಗೆ ಮೇಷ್ಟ್ರು ಹೇಳಿದರು: "ನಿನ್ ಕಾಲೇ ಸರಿ ಇಲ್ಲ ಬುಡು. ಮನೇಲಿ ಕಾಯಿ ಸುಲ್ಕೊಂಡಿರು." ಎಲ್ಲರೂ ನಕ್ಕರು. ಮುಂದಿನ ನೇಮಕಾತಿ ಬರುವಷ್ಟರಲ್ಲಿ ಅವಳ ವಯಸ್ಸು ಮೀರಿತ್ತು.

ಕಾಲು ವಾಸಿಯಾದ ಮೇಲೆ ಅವಳು ತಿಪಟೂರಿನ ಆಂಜನಪ್ಪನವರ ಶೂ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ವಾರವೇ ತನ್ನ ಕೆಂಪು ಶೂಗಳನ್ನು ತಂದು ಅವರ ಮುಂದಿಟ್ಟಳು. ಆಂಜನಪ್ಪ ಅವನ್ನು ಮೇಜಿನ ಮೇಲೆ ನಿಲ್ಲಿಸಿದರು. ಎರಡೂ ಒಳಗಡೆಗೆ ವಾಲಿದವು.

"ನೋಡವ್ವ, ಒಳಗಡೆ ಮಾತ್ರ ಸವ್ದೈತೆ. ನಿಂದು ಚಪ್ಪಟೆ ಪಾದ. ಇದು ಟ್ರ್ಯಾಕ್ ಮ್ಯಾಲೆ ಒಂದೇ ಉಸಿರಿಗೆ ಓಡೋರ ಶೂ. ಡಾಂಬರು ರಸ್ತೆಗೆ ಇದನ್ನ ಕೊಟ್ಟೋನ್ಯಾರು?"

ವನಜಾಕ್ಷಿ ಹೆಸರು ಹೇಳಲಿಲ್ಲ. ಅಷ್ಟು ದಿನ ತನ್ನ ಕಾಲನ್ನೇ ಬಯ್ದುಕೊಳ್ಳುತ್ತಿದ್ದವಳ ಸಿಟ್ಟು ಅಂದು ಸರಿಯಾದ ಕಡೆಗೆ ತಿರುಗಿತು.

ನಾಲ್ಕು ವರ್ಷ ಅಲ್ಲಿ ಕಲಿತಳು. ಆಮೇಲೆ ಬೇಕೆಂದೇ ಹುಡುಕಿ, ಮೇಷ್ಟ್ರು ತರಬೇತಿ ಕೊಡುವ ಮೈದಾನದ ಗೇಟಿನ ಎದುರಿಗೇ ಸ್ವಂತ ಅಂಗಡಿ ಇಟ್ಟಳು. ಬಂದವರ ಪಾದ ಒದ್ದೆ ಮಾಡಿಸಿ ಸಿಮೆಂಟು ನೆಲದ ಮೇಲೆ ಊರಿಸುತ್ತಿದ್ದಳು. ಇಡೀ ಪಾದ ಮೂಡಿದರೆ ಚಪ್ಪಟೆ ಪಾದ, ಅದಕ್ಕೆ ಒಳಮಗ್ಗುಲು ಗಟ್ಟಿಯಿರುವ ಶೂ. ನಡುವೆ ಖಾಲಿ ಬಿಟ್ಟು ಮೂಡಿದರೆ ಮೆತ್ತನೆಯ ಅಟ್ಟೆಯದು. ಹಂದನಕೆರೆಯ ಕಲ್ಲೇಶ್ ತೋಟದ ಮಣ್ಣುದಾರಿಯಲ್ಲಿ ಓಡುತ್ತಿದ್ದ. ಅವನಿಗೆ ಅಡಿಯಲ್ಲಿ ಆಳವಾದ ಗೀರುಗಳಿದ್ದ, ಜಾರದ ಶೂ ಕೊಟ್ಟಳು. ಬೆಳಗ್ಗೆ ಶೂ ಕೊಳ್ಳಲು ಬಂದವರನ್ನು, "ಸಂಜೆ ಬನ್ರಿ, ಓಡಿ ಪಾದ ಊದಿರ್ಬೇಕು, ಆಗ ಅಳತೆ ಸರಿ ಸಿಗ್ತದೆ" ಎಂದು ವಾಪಸು ಕಳಿಸುತ್ತಿದ್ದಳು. ಬರಿ ನೂರು ಮೀಟರಿನವರಿಗೆ ಮಾತ್ರ, "ಮೇಷ್ಟ್ರು ಕೊಟ್ಟಿದ್ದೇ ಸಾಕು, ಹೋಗು" ಅನ್ನುತ್ತಿದ್ದಳು. ಈ ವಿಷಯದಲ್ಲಿ ಸುಳ್ಳು ಹೇಳಿ ಸೇಡು ತೀರಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಬೇಕಿದ್ದದ್ದು ಬೇರೆಯೇ. ಹುಡುಗರು ಬಿಚ್ಚಿಟ್ಟುಹೋದ ಕೆಂಪು ಶೂಗಳನ್ನೆಲ್ಲ ತೆಂಗಿನ ನಾರಿನ ಹಗ್ಗಕ್ಕೆ ಪೋಣಿಸಿ, ಸವೆದ ಅಟ್ಟೆ ಮೈದಾನದ ಕಡೆಗೆ ಕಾಣುವಂತೆ ಅಂಗಡಿಯ ಮುಂದೆ ನೇತುಹಾಕಿದಳು. ವರ್ಷದೊಳಗೆ ಹಗ್ಗ ಎರಡಾಯಿತು, ಮೂರಾಯಿತು. ಒಂದು ದಿನ ಮೇಷ್ಟ್ರು ಬುಸುಗುಡುತ್ತ ಬಂದರು.

"ತೆಗಿಯಮ್ಮ ಅದನ್ನ!"

"ಯಾಕ್ ಸಾ? ನಿಮ್ ಮಾಲೇ ಅಲ್ವಾ?"

ಮೇಷ್ಟ್ರು ತಿರುಗಿ ಹೊರಟರು. ಅವರ ಬೆನ್ನು ಕಣ್ಮರೆಯಾಗುವವರೆಗೂ ಅವಳು ನೋಡುತ್ತ ನಿಂತಳು. ಆ ದಿನ ಊಟ ರುಚಿಸಿತು.

ಮುಂದಿನ ವರ್ಷ ಮೇಷ್ಟ್ರ ಮಗಳು ಆಶಾ ಅಪ್ಪನಿಗೆ ಹೇಳದೆ ಅಂಗಡಿಗೆ ಬಂದಳು. ಅವಳೂ ಪೊಲೀಸ್ ಕೆಲಸಕ್ಕೆ ಓಡುತ್ತಿದ್ದಳು. ಕಾಲಲ್ಲಿ ಕೆಂಪು ಶೂ, ನಡಿಗೆಯಲ್ಲಿ ಕುಂಟು. ವನಜಾಕ್ಷಿ ಮೊಣಕಾಲಿನ ಕೆಳಗೆ ಒತ್ತಿದ ಕೂಡಲೇ ಹುಡುಗಿ ಚೀರಿದಳು.

ವನಜಾಕ್ಷಿಗೆ ಖುಷಿಯಾಯಿತು. ಅದನ್ನು ಅವಳು ಆಮೇಲೆ ಯಾರ ಮುಂದೆಯೂ ಮುಚ್ಚಿಡಲಿಲ್ಲ. 'ಏನಿಲ್ಲ, ಓಡು' ಅಂದರೆ ಸಾಕಿತ್ತು, ಉಳಿದದ್ದನ್ನು ಡಾಂಬರು ಮಾಡುತ್ತಿತ್ತು. ಒಳಗೆ ಹೋಗಿ ಡಬ್ಬಗಳ ನಡುವೆ ಸ್ವಲ್ಪ ಹೊತ್ತು ನಿಂತಳು. ಹೊರಬಂದು, "ಇವತ್ತಿಂದ ಒಂದ್ ಹೆಜ್ಜೆನೂ ಓಡ್ಬ್ಯಾಡ. ಮೊದ್ಲು ಡಾಕ್ಟರ್‌ಗೆ ತೋರ್ಸು" ಎಂದಳು. "ಶೂ ಬೇಕಂದ್ರೆ ನಿಮ್ಮಪ್ಪನ್ನ ಕರ್ಕೊಂಡ್ ಬಾ."

ಮೂರನೇ ದಿನ ಮೇಷ್ಟ್ರು ಮಗಳನ್ನು ಕರೆದುಕೊಂಡು ಬಂದರು. ಓಡಿ ಓಡಿ ಮೂಳೆಗೆ ಪೆಟ್ಟಾಗಿದೆ ಎಂದು ಡಾಕ್ಟರು ಅವರಿಗೆ ಮೊದಲೇ ಹೇಳಿದ್ದರು. ವನಜಾಕ್ಷಿ ನೀರಿನ ಬಕೆಟ್ಟು ಮುಂದಿಟ್ಟಳು. "ನೀವೇ ಒದ್ದೆ ಮಾಡಿ." ಮೇಷ್ಟ್ರು ಮಂಡಿಯೂರಿ ಮಗಳ ಪಾದ ತೋಯಿಸಿ ನೆಲಕ್ಕೆ ಊರಿಸಿದರು. ಇಡೀ ಪಾದ ಮೂಡಿತು.

"ಈಗ ಹೇಳಿ ಸಾ. ಕಾಲು ಸರಿ ಇಲ್ವಾ, ಶೂ ಸರಿ ಇಲ್ವಾ?"

ಮೇಷ್ಟ್ರು ನೆಲದ ಮೇಲಿನ ಗುರುತನ್ನು ನೋಡುತ್ತ, "ಶೂ" ಎಂದರು.

"ನಂಗ್ ಹೇಳ್ಬ್ಯಾಡಿ. ಮೈದಾನದಲ್ಲಿ ಹೇಳಿ ಬನ್ನಿ. ನನ್ ಹೆಸರು ಹಿಡಿದು ಹೇಳ್ಬೇಕು."

ಆಶಾ ತಲೆ ತಗ್ಗಿಸಿ ಕೂತಿದ್ದಳು. ಮೇಷ್ಟ್ರು ರಸ್ತೆ ದಾಟಿ ಹೋಗಿ ಹುಡುಗರನ್ನು ಸಾಲಾಗಿ ನಿಲ್ಲಿಸಿದರು. "ಬಿಳಿಗೆರೆ ವನಜಾಕ್ಷಿ ಕಾಲು ಚೆನ್ನಾಗೇ ಇತ್ತು. ನಾನು ಕೊಟ್ಟ ಶೂನಿಂದ ಅವಳ ನೌಕರಿ ಹೋಯ್ತು." "ಕೇಳಿಸ್ಲಿಲ್ಲ ಸಾ!" ಎಂದು ವನಜಾಕ್ಷಿ ಗೇಟಿನಿಂದ ಕೂಗಿದಳು. ಅವರು ಇನ್ನೊಮ್ಮೆ ಜೋರಾಗಿ ಹೇಳಿದರು. ಈ ಸಲ ಯಾರೂ ನಗಲಿಲ್ಲ.

ಆಶಾಗೆ ವನಜಾಕ್ಷಿ ಅಂಗಡಿಯಲ್ಲಿದ್ದ ಅತ್ಯುತ್ತಮ ಜೋಡಿಯನ್ನೇ ಕೊಟ್ಟಳು. ಎರಡು ತಿಂಗಳು ಕಾಲಿಗೆ ವಿಶ್ರಾಂತಿ ಕೊಟ್ಟು, ಆಮೇಲೆ ನಿಧಾನಕ್ಕೆ ಓಡಿ, ಹುಡುಗಿ ಪಾಸಾದಳು. ಮೇಷ್ಟ್ರು ಶೂ ಮಾರುವುದನ್ನು ಬಿಟ್ಟರು.

ಖಾಕಿ ತೊಟ್ಟ ಮೇಲೆ ಆಶಾ ಸಿಹಿ ಹಿಡಿದು ಬಂದಳು. ಆ ಬಟ್ಟೆಯನ್ನು ನೋಡಿ ವನಜಾಕ್ಷಿಗೆ ಹೊಟ್ಟೆ ಉರಿಯಿತು. ಆದರೂ ಸಿಹಿ ತಿಂದಳು, ಹುಡುಗಿಯ ಕಾಲರು ಸರಿಮಾಡಿದಳು.

"ಅಕ್ಕ, ಅಪ್ಪನೂ ಬಂದವ್ರೆ. ಹೊರಗೆ ನಿಂತವ್ರೆ. ಒಳಗೆ ಕರೀಲಾ?"

"ಬ್ಯಾಡ ಕಣವ್ವ."

ಗಂಗಾಧರ್ ಮೇಷ್ಟ್ರು ಕಾಲು ಗಂಟೆ ಬಿಸಿಲಲ್ಲಿ ನಿಂತಿದ್ದು, ಮಗಳ ಹಿಂದೆ ನಡೆದುಹೋದರು. ವನಜಾಕ್ಷಿ ತಲೆಯೆತ್ತಿ ನೋಡಲಿಲ್ಲ.