ಕೆಂಪು ಮಾತ್ರೆಯೊಂದೇ ಸಾಕೆಂದವರು

ನಮ್ಮ ಭಾವ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಬೆಳಿಗ್ಗೆ ಎದ್ದು ಬಣ್ಣದ ಮನೆಗೆ ಹೋಗುತ್ತಾರೆ, ನೂಲಿನ ಲಡಿಗಳನ್ನು ಕುದಿಯುವ ಹಂಡೆಗೆ ಇಳಿಸುತ್ತಾರೆ, ಕೋಲಿನಿಂದ ತಿರುವಿ ಮೇಲೆತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಕಣ್ಣು ಚೆನ್ನಾಗಿದೆ. ಸತ್ತವಳು ಅವರ ಹೆಂಡತಿ, ನಮ್ಮಕ್ಕ. ಅವಳು ಮಾತ್ರೆ ಸರಿಯಾಗಿ ನುಂಗದೆ ಸತ್ತಳು ಅಂತ ಬೀದಿಯವರು ಈಗಲೂ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಭಾವನ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಭಾವನಿಗೆ ಕಣ್ಣೇ ಬಂಡವಾಳ, ಕಣ್ಣೇ ಜಂಬ. ಗಿರಾಕಿ ತಂದ ಗೇಣುದ್ದ ದಾರ ನೋಡಿ, ಪುಡಿಯನ್ನು ತೂಕಕ್ಕೂ ಹಾಕದೆ ಕಲಸಿ, ಅದೇ ಬಣ್ಣ ಎತ್ತುತ್ತಿದ್ದರು. ಅದು ನಿಜ, ಸುಳ್ಳು ಹೇಳಬಾರದು. ಆದರೆ ಆ ಕಣ್ಣನ್ನು ಮನೆಗೂ ತರುತ್ತಿದ್ದರು. ಅಕ್ಕ ಹೊಸ ಬಟ್ಟೆ ಉಟ್ಟರೆ ನೆಂಟರೆದುರೇ, "ಇದೇನೇ, ಕೊಳೆತ ಎಲೆ ಸುತ್ಕೊಂಡು ಬಂದಿದೀಯ? ಬಣ್ಣ ಅಂದ್ರೆ ಏನಂತ ಗೊತ್ತಿರೋರು ಇದನ್ನ ಮೂಸಿನೂ ನೋಡಲ್ಲ" ಎಂದು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಅವರಿಗೆ ಕ್ಷಯ ಬಂತು. ಕಫದಲ್ಲಿ ರಕ್ತ ಕಂಡ ದಿನವೂ, "ಕೆಂಪು ಪುಡಿ ಗಂಟಲಿಗೆ ಹೋಗಿದೆ ಅಷ್ಟೇ" ಅಂದರು. ಅಕ್ಕ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ನಾಲ್ಕು ಬಗೆಯ ಮಾತ್ರೆಗಳನ್ನು ಮೇಜಿನ ಮೇಲೆ ಹರಡಿದರು. ಒಂದು ಕೆಂಪು, ಮಿಕ್ಕವು ಬಿಳಿ.

"ದಿನಾ ನಾಲ್ಕೂ ಒಟ್ಟಿಗೇ ನುಂಗ್ಬೇಕು. ಕೆಂಪು ಮಾತ್ರೆಯಿಂದ ಮೂತ್ರ ಕೆಂಪಗಾಗುತ್ತೆ, ಹೆದರ್ಬೇಡಿ. ಬಿಳಿ ಮಾತ್ರೆಗಳಲ್ಲಿ ಒಂದರಿಂದ ಅಪರೂಪಕ್ಕೆ ಕೆಲವರಿಗೆ ಕೆಂಪು ಯಾವ್ದು, ಹಸಿರು ಯಾವ್ದು ಅಂತ ಗೊತ್ತಾಗದ ಹಾಗಾಗುತ್ತೆ. ಹಾಗನ್ನಿಸಿದ್ರೆ ತಕ್ಷಣ ಬನ್ನಿ, ಅದನ್ನ ನಿಲ್ಲಿಸಿ ಬೇರೆ ಕೊಡ್ತೀನಿ."

ಭಾವನ ತಲೆಗೆ ಹೋದದ್ದು ಕಣ್ಣಿನ ಮಾತೊಂದೇ. ಆ ಬಿಳಿ ಮಾತ್ರೆ ಯಾವುದೆಂದು ಕೇಳಬಹುದಿತ್ತು. ಕೇಳಿದರೆ ಹೆದರಿದರೆಂದು ಹೆಂಡತಿಗೆ ಗೊತ್ತಾಗಿಬಿಡುತ್ತದಲ್ಲ! ಹಾಗಾಗಿ ಮೂರನ್ನೂ ಬಿಟ್ಟರು. ಮನೆಮನೆಗೆ ಬಂದು ಮಾತ್ರೆ ಕೊಡುವ ನರ್ಸಮ್ಮ ನೋಡುತ್ತಿದ್ದದ್ದು ಮೂತ್ರದ ಬಣ್ಣವನ್ನು. ಅದು ಕೆಂಪಗಿದ್ದರೆ ಶಭಾಷ್ ಎಂದು ಹೊರಡುತ್ತಿದ್ದಳು. ಬಣ್ಣ ತೋರಿಸಿ ಬದುಕುವ ಮನುಷ್ಯನಿಗೆ ಅಷ್ಟು ಸಾಲದೆ? ಕೆಂಪನ್ನು ನುಂಗಿದರು, ಬಿಳಿಯವನ್ನು ಬಣ್ಣದ ಮನೆಯ ಮೋರಿಗೆ ಹಾಕಿದರು. ಇದೆಲ್ಲ ನಮಗೆ ಬಹಳ ಆಮೇಲೆ ಅವರ ಬಾಯಿಂದಲೇ ತಿಳಿದದ್ದು.

ಮೊದಮೊದಲು ಕೆಮ್ಮು ಇಳಿಯಿತು, ಕೆನ್ನೆ ತುಂಬಿಕೊಂಡಿತು. ಔಷಧಿ ಮುಗಿದ ದಿನ ನರ್ಸಮ್ಮ ಬೀದಿಯಲ್ಲೆಲ್ಲ ಅವರನ್ನು ಹೊಗಳಿದಳು, ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ವರ್ಷ ತುಂಬುವ ಮೊದಲೇ ಕೆಮ್ಮು ಮತ್ತೆ ಹತ್ತಿಕೊಂಡಿತು. ಭಾವ ಹಂಡೆಯ ಹೊಗೆ ಅಂದರು. ಮಲಗುವುದಕ್ಕೆ ಇದ್ದದ್ದು ಒಂದೇ ಕೋಣೆ, ಅದರ ಕಿಟಕಿ ತೆಗೆದರೆ ಭಾವನಿಗೆ ಚಳಿ. ಅಕ್ಕನೂ ಕೆಮ್ಮತೊಡಗಿದಳು.

ಅವಳಿಗೂ ಕ್ಷಯವೇ ಎಂದು ಗೊತ್ತಾದಾಗ ಡಾಕ್ಟರು ಭಾವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು. "ನೀವು ನಾಲ್ಕೂ ತಗೊಂಡಿದ್ರಿ ತಾನೆ? ಬಿಟ್ಟಿದ್ರೆ ಈಗ್ಲೇ ಹೇಳಿ, ಬೈಯಲ್ಲ. ಇವರಿಗೆ ಬೇರೆ ಔಷಧಿನೇ ಶುರು ಮಾಡ್ಬೇಕಾಗುತ್ತೆ."

"ಒಂದೂ ಬಿಟ್ಟಿಲ್ಲ ಸಾರ್. ಬೇಕಾದ್ರೆ ನರ್ಸಮ್ಮನ್ನೇ ಕೇಳಿ."

ಅಕ್ಕನ ಜೀವ ನಿಂತಿದ್ದದ್ದು ಆ ಒಂದು ಉತ್ತರದ ಮೇಲೆ. ಡಾಕ್ಟರು ಅವಳ ಕಫವನ್ನು ದೊಡ್ಡ ಪರೀಕ್ಷೆಗೆ ಕಳಿಸಿದರು. ಕ್ರಿಮಿ ಬೆಳೆಸಿ ನೋಡಿ ಹೇಳುವುದಕ್ಕೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅದೇ ನಾಲ್ಕು ಮಾತ್ರೆ.

ಅಕ್ಕ ಒಂದನ್ನೂ ಬಿಡಲಿಲ್ಲ. ವಾಂತಿಯಾದರೆ ಬಾಯಿ ಮುಕ್ಕಳಿಸಿ, ನರ್ಸಮ್ಮನ ಹತ್ತಿರ ಕೇಳಿ ಇಸಿದುಕೊಂಡು ಮತ್ತೆ ನುಂಗುತ್ತಿದ್ದಳು. ಆದರೂ ದಿನದಿನಕ್ಕೆ ಸೊರಗಿ ಕಡ್ಡಿಯಾದಳು. ನರ್ಸಮ್ಮನಿಗೆ ಸಂಶಯ ಬಂತು, ಬಂದದ್ದು ಅಕ್ಕನ ಮೇಲೆ.

"ಮೂತ್ರ ಕೆಂಪಗಿದ್ದ ಮಾತ್ರಕ್ಕೆ ನಾನು ನಂಬಿಬಿಡ್ತೀನಾ? ಬಿಳಿ ಮಾತ್ರೆ ಎಲ್ಲಿ ಎಸೀತಿದೀಯ, ನಿಜ ಹೇಳು! ಗಂಡನ್ನ ನೋಡಿ ಕಲಿಬಾರ್ದಾ?"

ಭಾವ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದರು. ಆಗಲಾದರೂ ಬಾಯಿ ಬಿಡಬಹುದಿತ್ತು. "ನೀವು ಬಿಡಿ ನರ್ಸಮ್ಮ. ಇನ್ಮೇಲೆ ನನ್ನೆದುರಿಗೇ ನುಂಗಿಸ್ತೀನಿ" ಅಂದರು. ಹೇಳಿದಂತೆ ಮಾಡಿದರು ಕೂಡ. ದಿನಾ ಅಕ್ಕ ಬಾಯಿ ತೆರೆದು, ನಾಲಿಗೆ ಎತ್ತಿ ಅವರಿಗೆ ತೋರಿಸಬೇಕಾಗಿತ್ತು. ನಾನೇ ಕಣ್ಣಾರೆ ನೋಡಿದ್ದೇನೆ. ಇಂಥ ಗಂಡನ ನಾಲಿಗೆ ಬಿದ್ದುಹೋಗಬಾರದೆ ಅನ್ನಿಸುತ್ತದೆ ಈಗ.

ಅಕ್ಕ ವಾರ್ಡು ಸೇರಿದ ಮೇಲೆ ಫಲಿತಾಂಶ ಬಂತು. ಅಷ್ಟರಲ್ಲಿ ಭಾವನ ಕಫದಲ್ಲೂ ಕ್ರಿಮಿ ಸಿಕ್ಕಿತ್ತು. ಡಾಕ್ಟರು ಭಾವನನ್ನೂ ನನ್ನನ್ನೂ ಕೋಣೆಗೆ ಕರೆದು, ಅಕ್ಕನಲ್ಲಿರುವ ಕ್ರಿಮಿ ಕೆಂಪು ಮಾತ್ರೆಗೆ ಜಗ್ಗುವುದೇ ಇಲ್ಲ ಎಂದರು. ಮತ್ತೆ ಅದೇ ಪ್ರಶ್ನೆ. ಭಾವ ಈ ಸಲ ತಲೆ ತಗ್ಗಿಸಿ ಎಲ್ಲವನ್ನೂ ಕಕ್ಕಿದರು. ಕೊನೆಗೆ, "ಕಣ್ಣು ಹೋಗಿದ್ರೆ ನನ್ನ ಯಾರು ಕೇಳ್ತಿದ್ರು ಸಾರ್?" ಅಂದರು.

ಡಾಕ್ಟರು ಮಗುವಿಗೆ ಹೇಳುವಂತೆ ಹೇಳಿದರು. "ಕೆಂಪಿಗೆ ಜಗ್ಗದ ಕ್ರಿಮಿ ಅಲ್ಲೊಂದು ಇಲ್ಲೊಂದು ಮೊದಲಿಂದ್ಲೇ ಇರುತ್ತೆ. ಅದನ್ನ ಬಿಳಿಯವು ಕೊಲ್ಲುತ್ವೆ. ಬಿಳಿಗೆ ಜಗ್ಗದ್ದನ್ನ ಕೆಂಪು ಕೊಲ್ಲುತ್ತೆ. ನಾಲ್ಕು ಕೊಡೋದು ಅದಕ್ಕೇ. ನೀವು ಮೂರನ್ನ ಎಸೆದ್ರಿ. ಜಗ್ಗೋವೆಲ್ಲ ಸತ್ವು, ನಿಮಗೆ ಗುಣ ಆದ ಹಾಗಾಯ್ತು. ಜಗ್ಗದವು ಆ ಖಾಲಿ ಜಾಗದಲ್ಲಿ ತುಂಬ್ಕೊಂಡ್ವು. ನಿಮ್ಮ ಹೆಂಡತಿಗೆ ಹೋಗಿರೋದು ಅವೇ. ನಾಲ್ಕರಲ್ಲಿ ಕೆಂಪೇ ಗಟ್ಟಿ ಆಳು. ಅದೇ ನಾಟದಿದ್ರೆ ಮಿಕ್ಕವು ಎಷ್ಟು ಹೋರಾಡ್ತವೆ? ಆಕೆ ಎಷ್ಟು ಶ್ರದ್ಧೆಯಿಂದ ನುಂಗಿದ್ರೂ ಅಷ್ಟೇ."

ಇಬ್ಬರಿಗೂ ಬೇರೆ ಔಷಧಿ ಶುರುವಾಯಿತು. ಭಾವ ಈ ಸಲ ಎಲ್ಲವನ್ನೂ ನುಂಗಿದರು, ಬದುಕಿಕೊಂಡರು. ಅಕ್ಕನ ಶ್ವಾಸಕೋಶದಲ್ಲಿ ಉಳಿಸುವಂಥದ್ದು ಏನೂ ಉಳಿದಿರಲಿಲ್ಲ.

ಆ ದಿನ ಡಾಕ್ಟರ ಕೋಣೆಯಿಂದ ನಾನು ನೆಟ್ಟಗೆ ಅಕ್ಕನ ಮಂಚದ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಉಸಿರು ಹಿಡಿದು ಹಿಡಿದು ಮಾತಾಡಿದಳು.

"ನಿಂಗೆ ಮೊದಲಿಂದ್ಲೂ ಭಾವನ್ನ ಕಂಡ್ರೆ ಆಗಲ್ಲ. ಅವರು ಹಾಗೆಲ್ಲ ಮಾಡೋರಲ್ಲ ಕಣೇ. ನಂಗೇ ವಾಂತಿ ಆಗ್ತಿತ್ತಲ್ಲ, ಅದಕ್ಕೇ ಆಗಿರೋದು."

ಅಷ್ಟರಲ್ಲಿ ಭಾವ ಒಳಗೆ ಬಂದರು. ಅಕ್ಕ ಅವರತ್ತ ಕೈಚಾಚಿದಳು. "ರೀ, ನಿಮಗೂ ಮತ್ತೆ ಬಂದಿದೆಯಂತೆ, ನರ್ಸಮ್ಮ ಹೇಳಿದ್ಳು. ವಾಸಿಯಾಗಿದ್ರಿ, ನನ್ನಿಂದ ಅಂಟ್ಕೊಳ್ತು. ತಪ್ಪಾಯ್ತು, ಕ್ಷಮಿಸ್ಬಿಡಿ."

"ಹೇಳಿ ಭಾವ" ಅಂದೆ ನಾನು.

ಭಾವ ನನ್ನನ್ನೊಮ್ಮೆ ನೋಡಿದರು. ಅವಳ ದಿಂಬು ಸರಿಮಾಡಿದರು.

"ಹೋಗ್ಲಿ ಬಿಡು. ನಾನೇನು ಮನಸ್ಸಲ್ಲಿ ಇಟ್ಕೊಂಡಿಲ್ಲ" ಅಂದರು.

ಅಕ್ಕ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.